ಕೊನೆ ಗೊತ್ತಿದ್ದೂ ಮತ್ತೆ ಓದುವುದೇಕೆ, ಮತ್ತೆ ನೋಡುವುದೇಕೆ?

ಪ್ರಶ್ನೆ: ಜೋಗಿಮಟ್ಟಿ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ರಜೆಗೆ ಊರಿಗೆ ಬಂದಿದ್ದಾನೆ. ನನ್ನ ಕೈಯಲ್ಲಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಕಂಡು, “ಮಾವ, ಕೋಟೆ ಹೈದರಾಲಿಯ ಪಾಲಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆಯಲ್ಲ, ಇನ್ನೂ ಏನನ್ನು ಓದುತ್ತಿದ್ದೀರಿ?” ಎಂದು ಕೇಳಿದ. ಮಾತಿನಲ್ಲಿ ತುಂಟತನವಿದ್ದರೂ ತರ್ಕವೂ ಇತ್ತು. ಕನ್ನಡದಲ್ಲಿ ಪ್ರತಿವರ್ಷ ಹೊರಬರುವ ಪುಸ್ತಕಗಳಲ್ಲಿ ನಾನು ಓದುವುದು ಬೆರಳೆಣಿಕೆಯಷ್ಟನ್ನು ಮಾತ್ರ. ಆಸೆಯಿಂದ ಕೊಂಡು ತಂದು ಪುಟವನ್ನೂ ತೆರೆಯದೆ ಇಟ್ಟಿರುವ ಪುಸ್ತಕಗಳು ಕಪಾಟಿನಲ್ಲಿ ಬೇಕಾದಷ್ಟಿವೆ. ಹೀಗಿರುವಾಗ ಓದಿದ್ದನ್ನೇ ಓದುವುದು, ಟಿ.ವಿ.ಯಲ್ಲಿ ‘ನಾಗರಹಾವು’ ಬಂದರೆ ಅರ್ಧ ಮುಗಿದಿದ್ದರೂ ಕೆಲಸ ಬಿಟ್ಟು ಕುಳಿತುಬಿಡುವುದು, ಇವೆಲ್ಲ ಹೊಸದಕ್ಕೆ ಮುಖಕೊಡಲು ಒಲ್ಲದ ಮನಸ್ಸಿನ ಆಲಸ್ಯವೇ ಎಂಬ ಅನುಮಾನ ನನಗೂ ಹುಟ್ಟಿದೆ.

ನನ್ನ ನಿಜವಾದ ಪ್ರಶ್ನೆ ಇದು. ಮರುಓದಿನಲ್ಲಿ ಸಿಗುವ ಸುಖ ಪುಸ್ತಕದ್ದೋ, ಅಥವಾ ಅದನ್ನು ಮೊದಲು ಓದಿದ ವಯಸ್ಸಿನ ನೆನಪಿನದೋ? ಎರಡನೆಯದೇ ಆದರೆ ಹಳೆಯ ಫೋಟೋ ಆಲ್ಬಮ್ಮನ್ನು ತಿರುವಿಹಾಕಿದರೂ ಸಾಕಲ್ಲ, ಏಳುನೂರು ಪುಟಗಳನ್ನೇಕೆ ಓದಬೇಕು? ಬಲ್ಲವರು ತಮ್ಮ ಅನುಭವದಿಂದ ತಿಳಿಸಬೇಕಾಗಿ ವಿನಂತಿ.

ಉತ್ತರ: ಸಂತೆಹೊಂಡ (ಚಿತ್ರದುರ್ಗ)

ನಿಮ್ಮ ಸೋದರಳಿಯ ಬೇರೆ ಯಾವುದಾದರೂ ಪುಸ್ತಕವನ್ನು ತೋರಿಸಿ ಈ ಪ್ರಶ್ನೆ ಕೇಳಿದ್ದರೆ ನಾನು ಇನ್ನಷ್ಟು ಯೋಚಿಸಬೇಕಾಗುತ್ತಿತ್ತು. ‘ದುರ್ಗಾಸ್ತಮಾನ’ ತನ್ನ ಅಂತ್ಯವನ್ನು ರಕ್ಷಾಪುಟದಲ್ಲೇ ಸಾರಿಕೊಂಡು ಹೊರಟ ಕಾದಂಬರಿ. 1779ರಲ್ಲಿ ಕೋಟೆ ಬಿದ್ದದ್ದು, ಮದಕರಿ ನಾಯಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದು ದುರ್ಗದ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ಆದ್ದರಿಂದ ನಮ್ಮೂರಿನವರಿಗೆ ಆ ಕಾದಂಬರಿಯ ಮೊದಲ ಓದು ಎಂಬುದೇ ಇಲ್ಲ. ಮೊದಲ ಸಲ ಕೈಗೆತ್ತಿಕೊಂಡಾಗಲೂ ನಾವು ಮರುಓದುಗರೇ. 1985ರಲ್ಲಿ, ಲೇಖಕರು ತೀರಿಕೊಂಡ ಮರುವರ್ಷ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆಮೇಲೆ ಅದನ್ನು ಓದಿದ ಊರಿನ ಸಾವಿರಾರು ಜನರಲ್ಲಿ ಒಬ್ಬರಾದರೂ ಕೋಟೆ ಉಳಿಯಬಹುದೇನೋ ಎಂಬ ಕುತೂಹಲದಿಂದ ಪುಟ ತಿರುವಿದರೆಂದು ನಾನು ನಂಬುವುದಿಲ್ಲ.

ಹಾಗಾದರೆ ಏನನ್ನು ಓದುತ್ತೇವೆ? ಮುಂದೇನಾಗುತ್ತದೆ ಎಂಬ ಆತುರ ಇಲ್ಲದಿರುವುದರಿಂದ, ಒಂದು ಕಡೆ ಹೈದರ್, ಇನ್ನೊಂದು ಕಡೆ ಮರಾಠರು, ನಡುವೆ ಸಿಕ್ಕಿಕೊಂಡ ಒಂದು ಸಂಸ್ಥಾನ ತನ್ನ ಒಂದೊಂದು ನಿರ್ಧಾರದಿಂದ ತನಗಿದ್ದ ದಾರಿಗಳನ್ನು ಹೇಗೆ ಒಂದೊಂದಾಗಿ ಕಳೆದುಕೊಂಡಿತು ಎಂಬುದರ ಮೇಲೆ ಗಮನ ನಿಲ್ಲುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಓದಿದಾಗ ನಾನು ಯುದ್ಧದ ಪುಟಗಳಿಗೆ ಓಡೋಡಿ ಹೋಗುತ್ತಿದ್ದೆ. ಈಗ ನನ್ನನ್ನು ಹಿಡಿದು ನಿಲ್ಲಿಸುವುದು ಅರಮನೆಯ ಸಮಾಲೋಚನೆಗಳು, ಯಾರು ಯಾವ ಮಾತನ್ನು ಆಡದೆ ಉಳಿಸಿಕೊಂಡರು ಎಂಬ ಸೂಕ್ಷ್ಮಗಳು, ಎಳೆಯ ದೊರೆಯ ಬೆನ್ನಿಗೆ ನಿಂತ ಓಬವ್ವನಾಗತಿಯ ದೂರದೃಷ್ಟಿ. ಆಕೆಯ ಎಚ್ಚರಿಕೆಯ ಮಾತುಗಳು ಮೊದಲ ಓದಿನಲ್ಲಿ ಹಿರಿಯರ ಎಂದಿನ ಬುದ್ಧಿವಾದವೆಂದು ತೋರಿದ್ದವು. ಕೊನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಅವುಗಳ ತೂಕವೇ ಬೇರೆ.

ಇದೇನೂ ನಮ್ಮ ಕಾಲದ ಚಟವಲ್ಲ ಎಂಬುದನ್ನೂ ಆ ಹುಡುಗನಿಗೆ ತಿಳಿಸಿ. ನಮ್ಮ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಬಯಲಾಟ ನೋಡಲು ಕಂಬಳಿ ಹೊದ್ದು ಕುಳಿತವರಿಗೆ ಕರ್ಣನ ಸಾವು ಗೊತ್ತಿಲ್ಲದ ಸಂಗತಿಯೇ? ಗಮಕಿಗಳು ಕುಮಾರವ್ಯಾಸನ ಒಂದು ಪದ್ಯವನ್ನು ಹಾಡಿ, ಅದನ್ನೇ ಬೇರೆ ರಾಗದಲ್ಲಿ ಮತ್ತೆ ಹಾಡಿ, ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸುತ್ತಾ ಹೋಗುವಾಗ, ಕೇಳುಗರು ಕಾಯುತ್ತಿದ್ದುದು ಕಥೆಗಲ್ಲ. ಈ ಸಲ ದ್ರೌಪದಿಯ ಪ್ರಶ್ನೆಯನ್ನು ಇವರು ಹೇಗೆ ಹೇಳುತ್ತಾರೆ ಎಂಬುದಕ್ಕೆ ಕಾಯುತ್ತಿದ್ದರು. ಕಥೆಯನ್ನು ಒಮ್ಮೆ ಬಳಸಿ ಬಿಸಾಡುವ ವಸ್ತುವೆಂದು ತಿಳಿಯುವುದೇ ಈಚಿನ ಅಭ್ಯಾಸ.

ಇನ್ನು ‘ನಾಗರಹಾವು’. ಪುಟ್ಟಣ್ಣ ಕಣಗಾಲರು 1972ರಲ್ಲಿ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರವಾಗಿಸಿದರು. ಲೇಖಕರಿಗೆ ಅದು ಸಮಾಧಾನ ತರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹುಡುಗನಾಗಿದ್ದಾಗ ನನಗೆ ಅದು ರಾಮಾಚಾರಿಯ ಚಿತ್ರವಾಗಿತ್ತು. ವಿಷ್ಣುವರ್ಧನ್ ಅವರ ನಡಿಗೆ, ಆ ಸಿಟ್ಟು, ಬಂಡೆಗಳ ಮೇಲಿನ ಓಟ ಇವಿಷ್ಟೇ ಕಣ್ಣಿಗೆ ಬೀಳುತ್ತಿದ್ದವು. ಮೂರು ದಶಕಗಳ ಕಾಲ ಪಾಠ ಹೇಳಿ ನಿವೃತ್ತನಾದ ಮೇಲೆ ನೋಡಿದರೆ ಅದು ಚಾಮಯ್ಯ ಮೇಷ್ಟ್ರ ಚಿತ್ರ. ಅಲಮೇಲುವನ್ನು ಮರೆತುಬಿಡುವಂತೆ ಶಿಷ್ಯನನ್ನು ಒಪ್ಪಿಸಿದವರು ಅವರೇ. ಆಕೆಯ ಬಾಳು ಕೊನೆಗೆ ಎಲ್ಲಿಗೆ ಮುಟ್ಟಿತೆಂಬುದನ್ನು ಕಣ್ಣಾರೆ ಕಂಡು ಬಂದ ಅದೇ ಶಿಷ್ಯನಿಗೆ ಮಾರ್ಗರೆಟ್ ವಿಷಯದಲ್ಲೂ ಅದೇ ಉಪದೇಶ ಮಾಡಲು ಬೆಟ್ಟ ಹತ್ತುವವರೂ ಅವರೇ. ಪ್ರೀತಿಯಿಂದಲೇ, ಸದುದ್ದೇಶದಿಂದಲೇ ಒಬ್ಬ ಮೇಷ್ಟ್ರು ಎಷ್ಟು ಹಾನಿ ಮಾಡಬಲ್ಲರು ಎಂಬುದನ್ನು ಅಶ್ವತ್ಥ್ ಅವರ ಮುಖದಲ್ಲಿ ಓದಲು ನನಗೆ ಅರವತ್ತು ದಾಟಬೇಕಾಯಿತು. ನನ್ನ ಯಾವ ಶಿಷ್ಯರಿಗೆ ನಾನು ಹೀಗೆ ಬುದ್ಧಿ ಹೇಳಿದ್ದೆ ಎಂಬ ಲೆಕ್ಕವೂ ಆಗ ತಾನಾಗಿಯೇ ತೆರೆದುಕೊಂಡಿತು.

ದುರ್ಗದವರಿಗೆ ಇನ್ನೊಂದು ಹೆಚ್ಚಿನ ಸುಖವಿದೆ. ನಾವು ದಿನವೂ ಹತ್ತಿಳಿದ ಕೋಟೆಯ ಹಾದಿಗಳು ಚಿತ್ರದಲ್ಲಿ ಬೇರೆಯೇ ಕ್ರಮದಲ್ಲಿ ಜೋಡಿಸಿಕೊಂಡಿರುತ್ತವೆ. ಇಲ್ಲಿ ಇಟ್ಟ ಹೆಜ್ಜೆ ಅಲ್ಲೆಲ್ಲೋ ಊರುತ್ತದೆ. ಮೊದಲ ಸಲ ಇದು ತಪ್ಪೆಂದು ನಗು ಬರುತ್ತದೆ. ಹಲವು ಸಲ ನೋಡಿದ ಮೇಲೆ, ನಿರ್ದೇಶಕರು ಕಥೆಗೆ ಬೇಕಾದ ಇನ್ನೊಂದು ದುರ್ಗವನ್ನು ನಮ್ಮ ಬಂಡೆಗಳಿಂದಲೇ ಕಟ್ಟಿಕೊಂಡಿದ್ದಾರೆ ಎಂಬುದು ಅರಿವಾಗುತ್ತದೆ.

ಉತ್ತರ: ವಿದ್ಯಾನಗರ (ದಾವಣಗೆರೆ)

ಸಂತೆಹೊಂಡ ಅವರ ಮಾತನ್ನು ಒಪ್ಪುತ್ತಲೇ, ಚರ್ಚೆ ಗಂಡಸರ ಕೋಟೆ ಕಾಳಗಗಳಲ್ಲೇ ನಿಲ್ಲಬಾರದೆಂದು ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಓಣಿಯ ಹೆಂಗಸರೆಲ್ಲ ಕಾದಂಬರಿಗಳನ್ನು ದಿನಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿಯಿಂದ ತಂದು ಓದುತ್ತಿದ್ದರು. ಬಾಡಿಗೆ ಏರುತ್ತದೆಂಬ ಭಯಕ್ಕೆ ಒಂದೇ ರಾತ್ರಿಯಲ್ಲಿ ಮುಗಿಸಬೇಕಿತ್ತು. ಆ ಪುಸ್ತಕಗಳ ಅಂಚಿನಲ್ಲಿ ಹಿಂದೆ ಓದಿದವರು ‘ಮುಂದಿನ ಅಧ್ಯಾಯಕ್ಕೆ ಕರವಸ್ತ್ರ ಬೇಕು’, ‘ಇವನನ್ನು ನಂಬಬೇಡಿ’ ಎಂದೆಲ್ಲ ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. ಹಾಗೆ ಅರ್ಧ ಕಥೆ ಮೊದಲೇ ಬಯಲಾಗಿದ್ದ ಪುಸ್ತಕಗಳನ್ನೇ ನಾವು ಮುಗಿಬಿದ್ದು ಓದಿದೆವು.

ತ್ರಿವೇಣಿಯವರ ‘ಶರಪಂಜರ’ವನ್ನು ನಾನು ಮೊದಲು ಓದಿದ್ದು ಹಾಗೆ, ಒಂದೇ ಉಸಿರಿನಲ್ಲಿ. ಬಾಣಂತನದ ಹೊತ್ತಿನಲ್ಲಿ ಮನೋವ್ಯಾಧಿಗೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುವ ಕಾವೇರಿಯ ಕಥೆಯಲ್ಲಿ ಆಗ ನನಗೆ ಕಂಡದ್ದು ಮುರಿದುಬಿದ್ದ ದಾಂಪತ್ಯ ಮಾತ್ರ. ನನ್ನ ಎರಡನೆಯ ಹೆರಿಗೆಯಾದ ಮೇಲೆ, ನಿದ್ದೆಯಿಲ್ಲದ ಆ ತಿಂಗಳುಗಳಲ್ಲಿ, ತವರಿನ ಕಪಾಟಿನಲ್ಲಿದ್ದ ಪ್ರತಿಯನ್ನು ಮತ್ತೆ ತೆಗೆದೆ. ಈ ಬಾರಿ ನನ್ನನ್ನು ನಡುಗಿಸಿದ್ದು ಕಾಯಿಲೆಯ ಭಾಗಗಳಲ್ಲ. ಗುಣವಾಗಿ ಬಂದವಳು ಜೋರಾಗಿ ನಕ್ಕರೂ ಅನುಮಾನ, ಮೌನವಾಗಿ ಕುಳಿತರೂ ಅನುಮಾನ ಎನ್ನುವಂಥ ಮನೆಯ ವಾತಾವರಣ ನನ್ನನ್ನು ನಡುಗಿಸಿತು. ಮನೆಯವರಲ್ಲಿ ಯಾರೂ ರಾಕ್ಷಸರಲ್ಲ, ನಮ್ಮ ನಿಮ್ಮ ಮನೆಗಳಲ್ಲಿ ಇರುವಂಥವರೇ. ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿ ತೀರಿಕೊಂಡರು. ಅಷ್ಟು ಸಣ್ಣ ವಯಸ್ಸಿನಲ್ಲಿ, ಹೆರಿಗೆಯ ನಂತರದ ಮನೋರೋಗದ ಬಗ್ಗೆ ಮನೆಗಳಲ್ಲಿ ಬಾಯಿಬಿಡದ ಕಾಲದಲ್ಲಿ, ಅವರು ಇದನ್ನು ಕಂಡು ಬರೆದಿದ್ದರೆಂಬುದು ನನಗೆ ಮರುಓದಿನಲ್ಲಿ ಹೊಳೆಯಿತು.

ಆದರೆ ಪುಟ್ಟಣ್ಣನವರ 1971ರ ಚಿತ್ರದ ವಿಷಯದಲ್ಲಿ ನನಗೆ ಇದೇ ಅನುಭವವಾಗಲಿಲ್ಲ ಎಂಬುದನ್ನೂ ಹೇಳಬೇಕು. ಕಲ್ಪನಾ ಅವರ ಅಭಿನಯದ ಶಕ್ತಿ ಇಂದಿಗೂ ಕುಗ್ಗಿಲ್ಲ. ಆದರೂ ಚಿತ್ರ ಪ್ರತಿ ಬಾರಿಯೂ ನನ್ನನ್ನು ಅದೇ ಜಾಗದಲ್ಲಿ ಅಳಿಸುತ್ತದೆ. ಕಾದಂಬರಿ ಮಾತ್ರ ಪ್ರತಿ ಬಾರಿ ಬೇರೆ ಜಾಗದಲ್ಲಿ ತಡೆಯುತ್ತದೆ. ಚಿತ್ರದ ವೇಗವನ್ನು ನಿರ್ದೇಶಕರು ನಿರ್ಧರಿಸುತ್ತಾರೆ, ಪುಸ್ತಕದ ವೇಗ ಓದುವವರ ಕೈಯಲ್ಲಿರುತ್ತದೆ. ವ್ಯತ್ಯಾಸಕ್ಕೆ ಇದೂ ಒಂದು ಕಾರಣವಿರಬಹುದು.

ಉತ್ತರ: ಹೊಸ ಓದು (ದಾವಣಗೆರೆ)

ನನ್ನದು ಭಿನ್ನ ಅಭಿಪ್ರಾಯ, ಕ್ಷಮಿಸಬೇಕು.

ಮೇಲಿನ ಇಬ್ಬರೂ ತಮ್ಮ ಮರುಓದುಗಳಲ್ಲಿ ಗೆದ್ದವುಗಳನ್ನು ಮಾತ್ರ ಹೇಳಿದ್ದಾರೆ. ಸೋತವುಗಳ ಪಟ್ಟಿ ನನ್ನಲ್ಲಿ ಉದ್ದವಾಗಿದೆ. ಹುಡುಗನಾಗಿದ್ದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಹಾಸ್ಯಚಿತ್ರಗಳನ್ನು ಈಗ ನನ್ನ ಮಗಳ ಜೊತೆ ಕುಳಿತು ನೋಡಲಾಗುವುದಿಲ್ಲ. ಹೆಂಡತಿಗೆ ಕಪಾಳಕ್ಕೆ ಹೊಡೆಯುವುದು, ದಪ್ಪಗಿರುವವರನ್ನು ಆಡಿಕೊಳ್ಳುವುದು, ಇವೇ ಅಲ್ಲಿಯ ಹಾಸ್ಯ. ಒಂದು ಕಾಲಕ್ಕೆ ಸಾಲು ಸಾಲು ಬಾಯಿಪಾಠ ಮಾಡಿದ್ದ ಕೆಲವು ಕಾದಂಬರಿಗಳು ಇಂದು ನಾಲ್ಕನೆಯ ಅಧ್ಯಾಯ ದಾಟುವುದಿಲ್ಲ. ಮರಳಿ ಹೋಗದಿದ್ದರೆ ಅವುಗಳ ಬಗ್ಗೆ ನನ್ನಲ್ಲಿ ಒಳ್ಳೆಯ ಭಾವನೆಯಾದರೂ ಉಳಿಯುತ್ತಿತ್ತು.

2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆಯಾದಾಗ ನಾನೂ ಚಿತ್ರಮಂದಿರಕ್ಕೆ ಹೋಗಿದ್ದೆ. ಪರದೆಯ ಮೇಲಿನವರು ಬಾಯಿ ತೆರೆಯುವ ಮೊದಲೇ ಸಭಿಕರು ಸಂಭಾಷಣೆ ಒಪ್ಪಿಸುತ್ತಿದ್ದರು, ಓಬವ್ವನಾಗಿ ಜಯಂತಿ ಅವರು ಒನಕೆ ಎತ್ತಿದಾಗ ಶಿಳ್ಳೆಯಲ್ಲಿ ಹಾಡು ಕೇಳಿಸಲಿಲ್ಲ. ಅಲ್ಲಿ ಚಿತ್ರವನ್ನು ನೋಡುತ್ತಿದ್ದವರು ಯಾರು? ಎಲ್ಲರೂ ತಮ್ಮ ತಮ್ಮ ಯೌವನವನ್ನು ನೋಡಿಕೊಂಡು ಹೋದರೆಂಬುದು ನನ್ನ ಅನಿಸಿಕೆ.

ಇಂಥ ಚರ್ಚೆಗಳಲ್ಲಿ ಕೆಲವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಇಬ್ಬರು ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಡುತ್ತಾರೆ. ಸಣ್ಣಕಥೆಗಳ ಅಂತ್ಯವನ್ನು ಮೊದಲೇ ಹೇಳಿ ಓದಿಸಿದಾಗ ಓದುಗರು ಅವನ್ನು ಹೆಚ್ಚು ಮೆಚ್ಚಿದರೆಂದು ಅದರಲ್ಲಿ ಕಂಡುಬಂದಿತ್ತು. ನಂತರದ ಕೆಲವು ಪ್ರಯೋಗಗಳು ಇದಕ್ಕೆ ವಿರುದ್ಧವಾದ ಫಲಿತಾಂಶವನ್ನೂ ಕೊಟ್ಟಿವೆ. ಅದಿರಲಿ, ಆ ಓದುಗರು ಆ ಕಥೆಗಳನ್ನು ಓದುತ್ತಿದ್ದುದು ಮೊದಲ ಬಾರಿಗೆ! ಅಂತ್ಯ ಗೊತ್ತಿರುವುದೂ ಪುಸ್ತಕವನ್ನೇ ಓದಿ ಮುಗಿಸಿರುವುದೂ ಒಂದೇ ಅಲ್ಲ. ಆದ್ದರಿಂದ ಆ ಸಾಕ್ಷ್ಯ ಮರುಓದಿನ ಪರವಾಗಿ ನಿಲ್ಲಲಾರದು.

ಉತ್ತರ: ಸಂತೆಹೊಂಡ (ಚಿತ್ರದುರ್ಗ)

ಹೊಸ ಓದು ಅವರೇ, ಸೋತವುಗಳ ಪಟ್ಟಿ ನನ್ನಲ್ಲೂ ಇದೆ. ಆದರೆ ಯಾವುದು ಸೋತಿತು ಎಂಬುದು ತಮಗೆ ತಿಳಿದದ್ದೂ ಮತ್ತೆ ನೋಡಿದ್ದರಿಂದಲೇ ಅಲ್ಲವೇ? ಮೊದಲ ಸಲಕ್ಕೆ ಎಲ್ಲ ಪುಸ್ತಕಗಳೂ ಹೊಸತನದ ಬಲದಿಂದ ಅಷ್ಟಿಷ್ಟು ಗೆದ್ದುಬಿಡುತ್ತವೆ. ವಿಮರ್ಶಕರ ಮಾತಿಗಿಂತ ಎರಡನೆಯ ಓದನ್ನೇ ನಾನು ಹೆಚ್ಚು ನಂಬುತ್ತೇನೆ. ಹಳೆಯ ಹಾಸ್ಯವನ್ನು ಮಗಳ ಜೊತೆ ಕುಳಿತು ನೋಡಲಾಗದ ತಂದೆ, ಆ ಹಾಸ್ಯ ಯಾರನ್ನು ಹಿಂಡುತ್ತಿತ್ತು ಎಂಬುದನ್ನು ಕಂಡುಕೊಂಡಿದ್ದಾರೆ. ಅದು ಸುಖವಲ್ಲವೆಂಬುದು ನಿಜ, ಆದರೆ ಆ ಎರಡು ಗಂಟೆ ವ್ಯರ್ಥವಾಯಿತೆಂದು ನಾನು ಹೇಳಲಾರೆ.

ಚಿತ್ರಮಂದಿರದ ಗದ್ದಲದ ಬಗ್ಗೆ ತಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಶಿಳ್ಳೆಯ ನಡುವೆ ಚಾಮಯ್ಯ ಮೇಷ್ಟ್ರ ಮುಖವನ್ನು ಓದಲಾಗುವುದಿಲ್ಲ, ಅದಕ್ಕೆ ಮನೆಯೇ ಲೇಸು. ಆದರೆ ಗೊತ್ತಿರುವುದನ್ನು ಹತ್ತು ಜನರೊಡನೆ ಕೂಡಿ ಮತ್ತೆ ಕೇಳುವ ಸುಖ ಬಯಲಾಟದ ಕಾಲದಿಂದ ಬಂದದ್ದು, ಒಬ್ಬಂಟಿಯಾಗಿ ಓದುವ ಸುಖಕ್ಕಿಂತ ಅದೇ ಹಳೆಯದು.

ಪ್ರಶ್ನೆ ಕೇಳಿದವರಿಂದ: ಜೋಗಿಮಟ್ಟಿ (ಚಿತ್ರದುರ್ಗ)

ಎಲ್ಲರಿಗೂ ಕೃತಜ್ಞತೆಗಳು. ಈ ಮಾತುಗಳನ್ನು ಓದಿದ ಮೇಲೆ ‘ದುರ್ಗಾಸ್ತಮಾನ’ದ ಈ ಬಾರಿಯ ಓದನ್ನು ಸ್ವಲ್ಪ ಎಚ್ಚರದಿಂದ ಗಮನಿಸಿದೆ. ನನಗೆ ಚೆನ್ನಾಗಿ ನೆನಪಿದ್ದ ಭಾಗಗಳು, ಅಂದರೆ ಲಗ್ಗೆ, ಮುತ್ತಿಗೆ, ಏಕನಾಥೇಶ್ವರಿಯ ಸನ್ನಿಧಿಯ ಸಂದರ್ಭಗಳು, ನಿರೀಕ್ಷಿಸಿದಷ್ಟೇ ಸಂತೋಷ ಕೊಟ್ಟವು. ಅದಕ್ಕಿಂತ ಹೆಚ್ಚಿನ ಸಂತೋಷ ಕೊಟ್ಟದ್ದು ನಾನು ಸಂಪೂರ್ಣವಾಗಿ ಮರೆತಿದ್ದ ಪುಟಗಳು. ಎರಡು ಯುದ್ಧಗಳ ನಡುವಿನ ಬಿಡುವಿನಲ್ಲಿ ನಡೆಯುವ ಮಾತುಕತೆಗಳನ್ನು ಹಿಂದೆ ಓದಿದ್ದೇನೆಂಬ ಗುರುತೂ ಮನಸ್ಸಿನಲ್ಲಿ ಉಳಿದಿರಲಿಲ್ಲ. ನೆನಪಿನಲ್ಲೇ ಇರದ ಪುಟ ಕೊಟ್ಟ ಸುಖವನ್ನು ಹಳೆಯ ವಯಸ್ಸಿನ ನೆನಪಿನ ಖಾತೆಗೆ ಹೇಗೆ ಬರೆಯುವುದು? ಆದ್ದರಿಂದ ನನ್ನ ಪ್ರಶ್ನೆಯ ಆ ಭಾಗಕ್ಕೆ ಸದ್ಯಕ್ಕೆ ಪುಸ್ತಕದ ಪರವಾಗಿಯೇ ಉತ್ತರ ಸಿಕ್ಕಿದೆ.

ವಿದ್ಯಾನಗರ ಅವರು ಹೇಳಿದ ‘ಶರಪಂಜರ’ವನ್ನು ನಾನು ಚಿತ್ರವಾಗಿ ಹಲವು ಬಾರಿ ನೋಡಿದ್ದೇನೆ, ಕಾದಂಬರಿಯನ್ನು ಒಮ್ಮೆಯೂ ಓದಿಲ್ಲ. ಬರುವ ವಾರ ಗ್ರಂಥಾಲಯದಿಂದ ತರುತ್ತೇನೆ. ಇಷ್ಟು ಸಲ ನೋಡಿದ ಕಥೆಯನ್ನು ಮೊದಲ ಬಾರಿಗೆ ಓದುವುದು ಹೊಸದರ ಲೆಕ್ಕಕ್ಕೆ ಸೇರುತ್ತದೋ ಹಳೆಯದರ ಲೆಕ್ಕಕ್ಕೋ, ಹೊಸ ಓದು ಅವರೇ ತೀರ್ಮಾನಿಸಿ ಹೇಳಬೇಕು.