ಸರ್ಪಸುತ್ತು ಒಣಗಿದೆ, ಉರಿ ಮಾತ್ರ ಹೋಗುತ್ತಿಲ್ಲ. ಅನುಭವ ಇದ್ದವರು ಹೇಳಿ

ಹನುಮಂತನಗರ ದಿನಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು 56. ಹನುಮಂತನಗರದಲ್ಲಿ ಚಿಕ್ಕ ದಿನಸಿ ಅಂಗಡಿ ಇದೆ. ಯುಗಾದಿ ವ್ಯಾಪಾರದ ಗಲಾಟೆಯಲ್ಲೇ ಎಡಗಡೆ ಎದೆ ಕೆಳಗೆ ನೋವು ಶುರುವಾಯಿತು. ಎಡಗಡೆ ಅಂದಮೇಲೆ ಮನೆಯವರು ಸುಮ್ನೆ ಬಿಡುತ್ತಾರಾ? ಇಸಿಜಿ ತೆಗೆಸಿದರು, ಸರಿ ಇತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಅಂತ ಹೇಳಿ ಸಿರಪ್ ಕೊಟ್ಟರು. ಆಮೇಲೆ ಒಂದು ರಾತ್ರಿ ಬೆನ್ನಿಗೆ ನೋವಿನ ಮುಲಾಮು ಹಚ್ಚಲು ಬಂದ ಹೆಂಡತಿ ಕೈ ಹಿಂದಕ್ಕೆ ತೆಗೆದಳು. ಬೆನ್ನುಮೂಳೆ ಪಕ್ಕದಿಂದ ಪಕ್ಕೆ ಸುತ್ತಿ ಎದೆ ಕೆಳಗಿನವರೆಗೆ ಕೆಂಪು ಪಟ್ಟಿ. ಅದರ ಮೇಲೆ ಸಾಬಕ್ಕಿ ಗಾತ್ರದ ನೀರುಗುಳ್ಳೆಗಳು. ಬಲಗಡೆ ಒಂದೂ ಇರಲಿಲ್ಲ.

ಮಾರನೆ ದಿನವೇ ಚರ್ಮದ ಡಾಕ್ಟರ ಹತ್ತಿರ ಹೋದೆ. ಶರ್ಟ್ ಎತ್ತಿದ ಕೂಡಲೇ ಸರ್ಪಸುತ್ತು ಅಂದರು. ವೈರಸ್ಸಿಗೆ ಕೊಡುವ ವ್ಯಾಲಾಸೈಕ್ಲೋವಿರ್ ಮಾತ್ರೆ, ದಿನಕ್ಕೆ ಮೂರು ಹೊತ್ತು, ಒಂದು ವಾರ. ಗುಳ್ಳೆ ಒಣಗಿತು, ಹಕ್ಕಳೆ ಉದುರಿತು. ನೋಡಿದವರೆಲ್ಲ "ವಾಸಿ ಆಯ್ತಲ್ಲ ಯಜಮಾನ್ರೆ" ಅಂತಾರೆ. ಎಲ್ಲಿ ವಾಸಿ? ಫ್ಯಾನ್ ಗಾಳಿ ತಾಗಿದರೂ ಉರಿಯುತ್ತದೆ. ಶರ್ಟ್ ಸವರಿದರೆ ಮೈ ಜುಮ್ ಅನ್ನುತ್ತದೆ. ರಾತ್ರಿ ಆ ಮಗ್ಗುಲಿಗೆ ತಿರುಗುವ ಹಾಗಿಲ್ಲ. ಸ್ಕೂಟರಿನಲ್ಲಿ ಹೋದರೆ ಒಂದೊಂದು ಹಂಪ್‌ಗೂ ಚುಚ್ಚುತ್ತದೆ. ನಮ್ಮ ಏರಿಯಾದಲ್ಲಿ ಹಂಪ್‌ಗೆ ಬರವಿಲ್ಲ, ನಿಮಗೇ ಗೊತ್ತು.

ಕೇಳಬೇಕಾದ್ದು ಇಷ್ಟು. ಈ ಉರಿ ಎಷ್ಟು ಕಾಲ ಇರುತ್ತದೆ? ಅಂಗಡಿಯಲ್ಲಿ ದಿನವಿಡೀ ನಿಲ್ಲಲು ಏನು ಮಾಡಿದಿರಿ? ಮಗಳು ಏಳು ತಿಂಗಳ ಬಸುರಿ, ಸೀಮಂತಕ್ಕೆ ಬರುತ್ತಿದ್ದಾಳೆ. ಅವಳಿಗೆ ಅಂಟುತ್ತದಾ? ಇನ್ನು ಅಮ್ಮನದು ಬೇರೆ ಹಟ. ಕೆಮ್ಮಣ್ಣು ಹಚ್ಚಿಸಬೇಕು, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಬೇಕು, ಇಲ್ಲದಿದ್ದರೆ ಸರ್ಪದ ಹೆಡೆ ಬಾಲ ಸೇರಿ ಜೀವಕ್ಕೇ ಅಪಾಯ ಅಂತ ದಿನಾ ಹೆದರಿಸುತ್ತಾರೆ.

ರಾಜಾಜಿನಗರ ಟೈಲರ್ ಉತ್ತರ:

ನಮಸ್ಕಾರ ಅಣ್ಣ. ನನಗೂ ಬಂದಿತ್ತು, ಬಲಗಡೆ ಸೊಂಟದ ಮೇಲೆ, ಬೆನ್ನಿಂದ ಹೊಕ್ಕುಳ ಪಕ್ಕದವರೆಗೆ. ಸರಿಯಾಗಿ ಸೀರೆ ನೆರಿಗೆ ಸಿಕ್ಕಿಸುವ ಜಾಗ. ಕೆಲಸ ಬೇರೆ ಮಿಷನ್ ಮುಂದೆ ಬಗ್ಗಿ ಕೂರುವುದು. ಹಾಗಾಗಿ ನಿಮ್ಮ ಕಷ್ಟ ನನಗೆ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಗುಳ್ಳೆ ವಾಸಿಯಾಗಿದೆ, ನರ ವಾಸಿಯಾಗಿಲ್ಲ. ಚಿಕ್ಕವರಿದ್ದಾಗ ಅಮ್ಮ ಆಗಿರುತ್ತದಲ್ಲ, ಚಿಕನ್ ಪಾಕ್ಸ್, ಅದೇ ವೈರಸ್ಸು ಬೆನ್ನುಮೂಳೆ ಪಕ್ಕದ ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿರುತ್ತದಂತೆ. ವಯಸ್ಸಾದಾಗಲೋ ಮೈಯಲ್ಲಿ ಶಕ್ತಿ ಕುಗ್ಗಿದಾಗಲೋ ಎದ್ದು ಆ ಒಂದು ನರದ ಗುಂಟ ಬರುತ್ತದೆ. ಅದಕ್ಕೇ ಒಂದೇ ಪಕ್ಕ, ಅದಕ್ಕೇ ಪಟ್ಟಿ. ಎಡಗಡೆ ನರ ಎಡಗಡೆಗೇ ಮುಗಿಯುತ್ತದೆ, ಹೆಡೆಯೂ ಬಾಲವೂ ಎಲ್ಲಿ ಹೋಗಿ ಸೇರಬೇಕು? ಅಮ್ಮನಿಗೆ ಇದನ್ನು ಸಮಾಧಾನವಾಗಿ ಹೇಳಿ.

ಈಗ ಬಟ್ಟೆ ವಿಷಯ. ಇದು ನನ್ನ ಕಸುಬು, ಸ್ವಲ್ಪ ಉದ್ದ ಬರೆಯುತ್ತೇನೆ.

ಸಡಿಲ ಶರ್ಟ್ ಹಾಕುತ್ತಿದ್ದೀರಿ ಅಲ್ವಾ? ಎಲ್ಲರೂ ಅದನ್ನೇ ಹೇಳುತ್ತಾರೆ. ನನ್ನ ಕೇಳಿದರೆ ನಿಮ್ಮ ಅರ್ಧ ತೊಂದರೆ ಆ ಸಡಿಲ ಶರ್ಟಿನದ್ದೇ. ಒಂದು ಸಲ ಪರೀಕ್ಷೆ ಮಾಡಿ. ಉರಿಯುವ ಜಾಗದ ಮೇಲೆ ಬೆರಳ ತುದಿಯಿಂದ ಹಗುರಾಗಿ ಸವರಿ. ತಡೆಯಲು ಆಗಲ್ಲ. ಅಂಗೈ ಪೂರ್ತಿ ಇಟ್ಟು ಅಲ್ಲಾಡಿಸದೆ ಒತ್ತಿ ಹಿಡಿಯಿರಿ. ತಡೆಯಬಹುದು. ನಮ್ಮಲ್ಲಿ ಬಹಳ ಜನಕ್ಕೆ ಹೀಗೇ. ನೋಯಿಸುವುದು ಬಟ್ಟೆಯ ಭಾರ ಅಲ್ಲ, ಅದರ ಸವರಾಟ.

ಬಾಣಂತಿಗೆ ಹೊಟ್ಟೆ ಕಟ್ಟುತ್ತಾರಲ್ಲ, ಹಾಗೆ ಕಟ್ಟಿಕೊಳ್ಳಿ. ನಾನು ಅತ್ತೆಯ ಹಳೇ ಮಲ್ ಕಾಟನ್ ಸೀರೆ ಹರಿದು ಮಾಡಿಕೊಂಡೆ. ನಿಮಗೆ ಹಳೇ ಪಂಚೆ ಸಾಕು, ಒಗೆದು ಒಗೆದು ಮೆತ್ತಗಾಗಿರಬೇಕು. ಉದ್ದುದ್ದಕ್ಕೆ ಹರಿಯಿರಿ, ಅಗಲ ಒಂದು ಗೇಣಿಗಿಂತ ಜಾಸ್ತಿ ಇರಲಿ, ಉರಿಯುವ ಜಾಗ ಮುಚ್ಚಿ ಮೇಲೆ ಕೆಳಗೆ ಎರಡೆರಡು ಬೆರಳು ಉಳಿಯಬೇಕು. ಅಂಚು ಮಡಚಿ ಹೊಲಿಯಬೇಡಿ, ಆ ಮಡಿಕೆಯೇ ಚುಚ್ಚುತ್ತದೆ. ದಾರ ಬಿಟ್ಟುಕೊಂಡರೆ ಬಿಟ್ಟುಕೊಳ್ಳಲಿ. ಸುತ್ತುವುದನ್ನು ಬಲಗಡೆಯಿಂದ ಶುರು ಮಾಡಿ, ಬಲಗಡೆಗೇ ಸಿಕ್ಕಿಸಿ. ಪೂರ್ತಿ ಉಸಿರು ಎಳೆದಾಗ ಹಿಡಿಯಬಾರದು, ಬಗ್ಗಿದಾಗ ಜಾರಬಾರದು. ಆ ಎರಡರ ನಡುವಿನ ಬಿಗಿ ಒಂದೆರಡು ದಿನದಲ್ಲಿ ಕೈಗೆ ತಿಳಿಯುತ್ತದೆ. ಅದರ ಮೇಲೆ ಯಾವ ಶರ್ಟ್ ಬೇಕಾದರೂ ಹಾಕಿ.

ಬನಿಯನ್ ಹಾಕಲೇಬೇಕು ಅಂದರೆ ಉಲ್ಟಾ ಹಾಕಿ. ಓವರ್‌ಲಾಕ್ ಹೊಲಿಗೆ ಹೊರಗೆ ಹೋಗುತ್ತದೆ. ಪಕ್ಕದ ಹೊಲಿಗೆಯಲ್ಲಿ ಲೇಬಲ್ ಇರುತ್ತದೆ, ಅದೂ ಎಡಗಡೆಗೇ ಇರುತ್ತದೆ ಜಾಸ್ತಿ, ಬುಡದವರೆಗೆ ಕತ್ತರಿಸಿ. ಟೆರಿಕಾಟ್ ಬೇಡ. ಗಂಜಿ ಬೇಡ. ಮಧ್ಯಾಹ್ನ ಊಟಕ್ಕೆ ಹೋದಾಗ ಕಟ್ಟಿದ ಬಟ್ಟೆ ಬದಲಾಯಿಸಿ, ಈ ಸೆಕೆಗೆ ಬೆವರುಸಾಲೆ ಎದ್ದರೆ ಇನ್ನೊಂದು ಗೋಳು. ಇದೆಲ್ಲ ಚರ್ಮ ಪೂರ್ತಿ ಕೂಡಿಕೊಂಡ ಮೇಲೆ ಮಾತ್ರ. ಗುಳ್ಳೆ ಹಸಿ ಇದ್ದಾಗ ಕಟ್ಟಬಾರದು.

ಆಮೇಲೆ ಮಾತ್ರೆ. ನನಗೆ ಡಾಕ್ಟರು ಪ್ರೀಗ್ಯಾಬಲಿನ್ ಕೊಟ್ಟರು, ರಾತ್ರಿ ಹೊತ್ತು. ಮನೆಯವರು "ಉರಿಗೆ ನಿದ್ದೆ ಮಾತ್ರೆ ಯಾಕೆ" ಅಂತ ರಾಗ ಎಳೆದರು. ಅದು ನಿದ್ದೆ ಮಾತ್ರೆ ಅಲ್ಲ, ನರದ ನೋವಿಗೆ ಕೊಡುವುದು. ಮಂಪರು ಅದರ ಜೊತೆಗೆ ಬರುತ್ತದೆ. ಮೊದಮೊದಲು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲೂ ಕಣ್ಣು ನಿಲ್ಲುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಮಲಗುವ ಹೊತ್ತಿನ ಬದಲು ಸಂಜೆ ಊಟ ಆದ ಕೂಡಲೇ ತೆಗೆದುಕೊಂಡೆ, ಬೆಳಿಗ್ಗೆ ಹಗುರಾಯಿತು. ನೀವು ಬರೀ ಪ್ಯಾರಾಸಿಟಮಾಲ್ ನುಂಗಿಕೊಂಡು ಕೂತಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ, "ಗುಳ್ಳೆ ಹೋಗಿದೆ, ನೋವು ಹೋಗಿಲ್ಲ, ನಿದ್ದೆ ಇಲ್ಲ" ಅಂತ ಬಾಯಿಬಿಟ್ಟು ಹೇಳಿ. ಹೊರಗೆ ಏನೂ ಕಾಣದ ನೋವು, ನೀವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

ಎಷ್ಟು ಕಾಲ ಅಂದಿರಿ. ನನಗೆ ದಸರಾದಲ್ಲಿ ಬಂತು, ಸಂಕ್ರಾಂತಿ ಹೊತ್ತಿಗೆ ಉರಿ ಹೋಗಿ ನವೆ ಉಳಿಯಿತು. ಈಗಲೂ ರಜೆ ಇಲ್ಲದೆ ಮದುವೆ ಸೀಸನ್ ಬ್ಲೌಸ್ ಹೊಲಿದ ವಾರ ಆ ಜಾಗ ಸ್ವಲ್ಪ ಚುರುಗುಟ್ಟುತ್ತದೆ. ಅಷ್ಟೇ.

ಮೆಡಿಕಲ್ಸ್ ಕೌಂಟರ್ ಉತ್ತರ:

ಮೇಡಂ ಹೇಳಿದ ಬಟ್ಟೆ ಉಪಾಯ ನನಗೆ ಹೊಸದು, ಚೆನ್ನಾಗಿದೆ. ನಾನು ಔಷಧಿ ಅಂಗಡಿ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್, ಈ ಮೂರರಲ್ಲಿ ಒಂದನ್ನು ಸಾಮಾನ್ಯವಾಗಿ ಬರೆಯುತ್ತಾರೆ. ಮೂರೂ ಚೀಟಿ ಇಲ್ಲದೆ ಕೇಳುವ ಮಾತ್ರೆ ಅಲ್ಲ. ಪಕ್ಕದ ಮನೆಯವರದ್ದು ಉಳಿದಿದೆ ಅಂತ ನುಂಗುವುದೂ ಅಲ್ಲ. ಕಡಿಮೆ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಎರಡು ದಿನಕ್ಕೆ ಉರಿ ಇಳಿಯಲಿಲ್ಲ ಅಂತ ಬಿಡುವವರೇ ಜಾಸ್ತಿ. ಇದಕ್ಕೆ ವಾರಗಳ ತಾಳ್ಮೆ ಬೇಕು. ಇಳಿದ ಮೇಲೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಕಡಿಮೆ ಮಾಡಿಕೊಂಡು ಬರಬೇಕು. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಡೋಸ್ ಬದಲಾಗುತ್ತದೆ. ತಲೆ ಸುತ್ತುವ ದಿನಗಳಲ್ಲಿ ಸ್ಕೂಟರ್ ಬೇಡ. ಸಂಜೆ ಒಂದು ಪೆಗ್ ಅಭ್ಯಾಸ ಇದ್ದರೆ ಅದೂ ಬೇಡ. ಬೆಲೆ ಭಾರ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ.

ಲಿಡೋಕೇನ್ ಪ್ಯಾಚ್ ಅಂತ ಬರುತ್ತದೆ, ಮೈಗೆ ಅಂಟಿಸುವುದು. ಗಾಯ ಪೂರ್ತಿ ಮಾಗಿದ ಚರ್ಮದ ಮೇಲೆ ಮಾತ್ರ. 12 ಗಂಟೆ ಇಟ್ಟು 12 ಗಂಟೆ ತೆಗೆದಿರಬೇಕು. ದಿನಕ್ಕೆ ಕೆಲವು ಗಂಟೆ ಅಂಗಡಿಯಲ್ಲಿ ನಿಲ್ಲುವವರಿಗೆ ಅನುಕೂಲ. ಇದನ್ನೂ ಡಾಕ್ಟರನ್ನು ಕೇಳಿ.

ಉರಿ ಬಹಳಷ್ಟು ಜನಕ್ಕೆ ಒಂದೆರಡು ತಿಂಗಳಲ್ಲಿ ಇಳಿಯುತ್ತದೆ. ಮೂರು ತಿಂಗಳು ದಾಟಿದರೆ ಅದನ್ನು ಬೇರೆಯೇ ನೋವಾಗಿ ನೋಡುತ್ತಾರೆ, ಆಗ ನರರೋಗದ ಡಾಕ್ಟರು ಅಥವಾ ಪೇನ್ ಕ್ಲಿನಿಕ್. ವಯಸ್ಸು ಜಾಸ್ತಿ ಇದ್ದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. ಒಂದು ಸಲ ಶುಗರ್ ಟೆಸ್ಟ್ ಮಾಡಿಸಿ. ಸರ್ಪಸುತ್ತು ಬಂದಾಗಲೇ ತಮಗೆ ಶುಗರ್ ಇದೆ ಅಂತ ಗೊತ್ತಾದವರನ್ನು ಕೌಂಟರಿನಲ್ಲಿ ನೋಡಿದ್ದೇನೆ.

ಮಗಳ ವಿಷಯ: ಇದು ಅಂಟುವುದು ಹಸಿ ಗುಳ್ಳೆಯ ನೀರಿನಿಂದ. ಅಂಟಿದರೂ ಸರ್ಪಸುತ್ತು ಬರುವುದಿಲ್ಲ, ಚಿಕನ್ ಪಾಕ್ಸ್ ಬರುತ್ತದೆ, ಅದೂ ಹಿಂದೆ ಅದು ಆಗಿರದ, ಲಸಿಕೆಯೂ ಹಾಕಿಸಿರದವರಿಗೆ. ನಿಮ್ಮದು ಹಕ್ಕಳೆ ಉದುರಿದೆ ಅಂದಿರಿ. ಹೊಸ ಗುಳ್ಳೆ ಇಲ್ಲದಿದ್ದರೆ ಧೈರ್ಯವಾಗಿ ಕರೆಸಿ. ಆದರೂ ಅವಳ ಡಾಕ್ಟರ ಕಿವಿಗೆ ಒಂದು ಮಾತು ಹಾಕಿರಲಿ.

ಮಾಲೂರು ಕಡೆಯವ ಉತ್ತರ:

ಎಲ್ಲ ಮಾತ್ರೆ ಮಾತ್ರೆ ಅಂತೀರಿ. ನಮ್ಮ ಕಡೆ ಕೆಮ್ಮಣ್ಣು ಕಲಸಿ ಮಂತ್ರ ಹಾಕಿ ಹಚ್ಚುತ್ತಾರೆ. ನಮ್ಮಪ್ಪನಿಗೆ ಅದರಲ್ಲೇ ವಾಸಿಯಾಯಿತು. ಕಾಸೂ ಕೇಳಲ್ಲ, ಎಲೆ ಅಡಿಕೆ ಇಟ್ಟರೆ ಸಾಕು. ಹಿರಿಯರು ಹೇಳಿದ್ದನ್ನ ತೆಗೆದುಹಾಕಬೇಡಿ.

ರಾಜಾಜಿನಗರ ಟೈಲರ್ ಉತ್ತರ:

ತಂದೆಯವರಿಗೆ ವಾಸಿಯಾಗಿದ್ದು ಸಂತೋಷ ಕಣಣ್ಣ. ಆದರೆ ಗುಳ್ಳೆ ಏನೂ ಹಚ್ಚದಿದ್ದರೂ ಎರಡು ಮೂರು ವಾರದಲ್ಲಿ ಒಣಗುತ್ತದೆ. ಒಡೆದ ಗುಳ್ಳೆ ಮೇಲೆ ಮಣ್ಣು ಕೂತರೆ ಕೀವಾಗುವ ಭಯ. ನನ್ನ ಸಿಟ್ಟು ಮಣ್ಣಿನ ಮೇಲಲ್ಲ. ಮೂರು ದಿನ ಹಚ್ಚಿಸಿ ನೋಡೋಣ ಅಂತ ಕೂರುತ್ತಾರಲ್ಲ, ಅದರ ಮೇಲೆ. ವೈರಸ್ ಮಾತ್ರೆ ಗುಳ್ಳೆ ಎದ್ದ 72 ಗಂಟೆ ಒಳಗೆ ಶುರುವಾದರೆ ಒಳ್ಳೆಯದು ಅಂತ ನಮ್ಮ ಡಾಕ್ಟರು ಹೇಳಿದ್ದರು. ಆ ಮೂರು ದಿನ ಮಣ್ಣಿಗೇ ಹೋದರೆ ಹೇಗೆ?

ಘಾಟಿಗೆ ಮಾತ್ರ ಅಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ. ಅವರ ಮನಸ್ಸಿಗೆ ನೆಮ್ಮದಿ, ನಿಮಗೂ ದಿನಾ ಬೈಗುಳ ತಪ್ಪುತ್ತದೆ. ದೊಡ್ಡಬಳ್ಳಾಪುರ ದಾಟಿ ಹೋಗಬೇಕು, ಕಾರಿನಲ್ಲೇ ಹೋಗಿ. ಮುಂದಿನ ಸೀಟಿನಲ್ಲಿ ಕೂತರೆ ಬೆಲ್ಟಿನ ಕೆಳಗೆ ಟವೆಲ್ ಮಡಚಿ ಇಟ್ಟುಕೊಳ್ಳಿ.

ಚಾಮರಾಜಪೇಟೆ ಸೊಸೆ ಉತ್ತರ:

ಇದನ್ನು ಓದುವ ಬೇರೆಯವರಿಗೋಸ್ಕರ ಬರೆಯುತ್ತಿದ್ದೇನೆ. ಸರ್ಪಸುತ್ತು ಮುಖದ ಮೇಲೆ ಬಂದರೆ ತಡ ಮಾಡಬೇಡಿ. ನಮ್ಮ ಅತ್ತೆಗೆ ಹಣೆ ಮೇಲೆ ಒಂದೇ ಪಕ್ಕ ಎದ್ದಿತ್ತು. ಸೊಳ್ಳೆ ಕಡಿತ ಅಂದುಕೊಂಡಿದ್ದರು. ಮೂಗಿನ ತುದಿಯಲ್ಲೂ ಒಂದು ಗುಳ್ಳೆ ಕಂಡ ಕೂಡಲೇ ಚರ್ಮದ ಡಾಕ್ಟರು ಬೇರೆ ಮಾತಾಡದೆ ಅವತ್ತೇ ಕಣ್ಣು ತೋರಿಸಿ ಅಂದರು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದಂತೆ. ಮಿಂಟೋ ಕಣ್ಣಾಸ್ಪತ್ರೆ ನಮಗೆ ಹತ್ತಿರ, ಅಲ್ಲಿಗೇ ಹೋದೆವು. ಕಣ್ಣಿನ ಒಳಗೂ ಶುರುವಾಗಿತ್ತು, ಔಷಧಿ ಹನಿ ಹಾಕಿ ಹಾಕಿ ಕಣ್ಣು ಉಳಿಯಿತು. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ಅಷ್ಟೇ ಅವಸರ ಮಾಡಬೇಕು.

ಹನುಮಂತನಗರ ದಿನಸಿ ಉತ್ತರ:

ಎಲ್ಲರಿಗೂ ಧನ್ಯವಾದ. ಅಕ್ಕ, ಪಂಚೆ ಕಟ್ಟಿಕೊಂಡೆ. ಮೊದಲ ದಿನ ಜಾಸ್ತಿ ಬಿಗಿದು ಏದುಸಿರು ಬಂತು, ಹೆಂಡತಿ ಬಿಚ್ಚಿ ಸರಿಯಾಗಿ ಕಟ್ಟಿದಳು. ಉರಿ ಇದೆ, ಆದರೆ ಶರ್ಟಿಗೆ ಹೆದರುವುದು ನಿಂತಿದೆ. ಕೌಂಟರಿನ ಈ ಕಡೆ ತಕ್ಕಡಿ ಬಲಕ್ಕೆ ಸರಿಸಿಕೊಂಡೆ. ಅಕ್ಕಿ ಮೂಟೆ ಹುಡುಗನೇ ಎತ್ತುತ್ತಾನೆ. ಡಾಕ್ಟರು ಪ್ರೀಗ್ಯಾಬಲಿನ್ ಬರೆದಿದ್ದಾರೆ, ರಾತ್ರಿ ಸ್ವಲ್ಪ ಕಣ್ಣು ಹತ್ತುತ್ತಿದೆ. ಶುಗರ್ ಗಡಿಯಲ್ಲಿದೆ ಅಂದರು. ಅಂಗಡಿಯಲ್ಲಿ ಕೂತು ಕಡಲೆ ಮಿಠಾಯಿ ಬಾಯಿಗೆ ಹಾಕುವುದು ಅಲ್ಲಿಗೆ ಮುಗಿಯಿತು.

ಮಗಳಿಗೆ ಎರಡನೇ ಕ್ಲಾಸಿನಲ್ಲಿ ಅಮ್ಮ ಆಗಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು ನೆನಪಿದೆ. ಅವಳ ಡಾಕ್ಟರೂ ಬರಬಹುದು ಅಂದರಂತೆ. ಇನ್ನೊಂದು ಪ್ರಶ್ನೆ. ಇದಕ್ಕೆ ಲಸಿಕೆ ಇದೆ ಅಂತ ಹೆಂಡತಿ ಎಲ್ಲೋ ಓದಿದ್ದಾಳೆ. ಅವಳಿಗೆ 52. ಹಾಕಿಸಬಹುದಾ? ನನಗೂ ಹಾಕುತ್ತಾರಾ?

ಮೆಡಿಕಲ್ಸ್ ಕೌಂಟರ್ ಉತ್ತರ:

ಇದೆ ಸಾರ್. ಶಿಂಗ್ರಿಕ್ಸ್ ಅಂತ, ನಮ್ಮ ದೇಶದಲ್ಲಿ 2023ರಿಂದ ಸಿಗುತ್ತಿದೆ, 50 ದಾಟಿದವರಿಗೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಅಗ್ಗವಲ್ಲ, ಮೊದಲೇ ಬೆಲೆ ಕೇಳಿಕೊಂಡು ಹೋಗಿ. ಎರಡನೇದನ್ನು ಬಿಟ್ಟರೆ ಮೊದಲನೇದಕ್ಕೆ ಕೊಟ್ಟ ದುಡ್ಡಿಗೆ ಪೂರ್ತಿ ಪ್ರಯೋಜನ ಇಲ್ಲ. ಮೇಡಂಗೆ ಹಾಕಿಸಬಹುದು, ಅವರ ಡಾಕ್ಟರನ್ನು ಒಂದು ಸಲ ಕೇಳಿ. ನಿಮಗೂ ಹಾಕುತ್ತಾರೆ, ಯಾಕೆಂದರೆ ಇದು ಒಮ್ಮೆ ಬಂದವರಿಗೆ ಮತ್ತೆ ಬರುವುದೇ ಇಲ್ಲ ಅಂತೇನಿಲ್ಲ. ಯಾವಾಗ ಅನ್ನುವುದನ್ನು ಡಾಕ್ಟರು ಹೇಳುತ್ತಾರೆ. ಈಗಿನ ಉರಿಗೆ ಮಾತ್ರ ಅದು ಔಷಧಿ ಅಲ್ಲ.

ಚುಚ್ಚಿಸಿಕೊಂಡ ಮೇಲೆ ಒಂದೆರಡು ದಿನ ತೋಳು ಚೆನ್ನಾಗಿ ನೋಯುತ್ತದೆ, ಮೈಕೈ ನೋವು, ಜ್ವರ ಬಂದರೂ ಬಂತು. ಸೀಮಂತದ ವಾರ ಮೇಡಂಗೆ ಹಾಕಿಸಬೇಡಿ, ಅಡುಗೆಮನೆಯಲ್ಲಿ ನೀವೇ ನಿಲ್ಲಬೇಕಾಗುತ್ತದೆ.