ಚಿತ್ರದಲ್ಲಿ ಕಪ್ಪಗೆ ಕಂಡದ್ದೆಲ್ಲ ಕಪ್ಪು ಮಣ್ಣೇ?

ಪ್ರಶ್ನೆ: ಸೆಂಟಿನೆಲ್-2 ಉಪಗ್ರಹದ ಚಿತ್ರ ಇಟ್ಟುಕೊಂಡು ಮಣ್ಣಿನ ನಕ್ಷೆ ಮಾಡುತ್ತಿದ್ದೇನೆ. ಒಂದು ಕಡೆ ಗಾಢ ಪಟ್ಟೆ ಕಂಡಿತು, ಕಪ್ಪು ಮಣ್ಣು ಅಂತ ಗುರುತು ಹಾಕಿದೆ. ಹೋಗಿ ಅಗೆದು ನೋಡಿದರೆ ಕೆಂಪು ಮಣ್ಣು! ಎಲ್ಲಿ ಎಡವಿದೆ?

ಉತ್ತರ 1: ಚಿತ್ರ ತೆಗೆಯುವ ಮುಂಚೆ ಮಳೆ ಬಂದಿತ್ತಾ ನೋಡಿ. ಮಣ್ಣು ಒದ್ದೆಯಾದರೆ ಬಣ್ಣ ಗಾಢವಾಗುತ್ತದೆ. ನಾನೂ ಹೀಗೇ ಒಂದು ವಾರ ಹಾಳು ಮಾಡಿಕೊಂಡಿದ್ದೆ. ಬೆಳೆ ಇಲ್ಲದ, ಒಣಗಿದ ಹೊಲದ ಚಿತ್ರಗಳನ್ನೇ ಆರಿಸಿ, ನಾಲ್ಕಾರು ದಿನಾಂಕದವು ಇರಲಿ. ಬ್ಯಾಂಡ್ 11, 12 (ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ದಾಖಲಿಸುವ ಪದರಗಳು) ಸೇರಿಸಿದರೆ ತೇವ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಅವುಗಳ ಒಂದೊಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ 20 ಮೀಟರ್ ಅಗಲ, ಕಣ್ಣಿಗೆ ಕಾಣುವ ಬಣ್ಣದ ಬ್ಯಾಂಡ್‌ಗಳ ಹಾಗೆ 10 ಅಲ್ಲ.

ಉತ್ತರ 2: ಈ ಚಿತ್ರದಲ್ಲಿ ಕಾಣೋದು ಮೇಲ್ಮೈ ಮಾತ್ರ. ಜಮೀನು ಯಾವ ಬೆಳೆಗೆ ಸರಿ ಅನ್ನಲು ಮಣ್ಣಿನ ಆಳವೂ ಬೇಕು, ಅಲ್ವಾ? ಗುಂಡಿ ತೋಡಲೇಬೇಕು.

ಪ್ರಶ್ನೆ ಕೇಳಿದವರು: ಹೌದು, ಹಿಂದಿನ ದಿನವೇ ಮಳೆ ಬಿದ್ದಿತ್ತು. ಸುಮ್ನೆ ಸಾಫ್ಟ್‌ವೇರ್‌ಗೆ ಬೈದೆ!