ಸೀನನಿಗೊಂದು ಕಂಪ್ಯೂಟರ್ ಬೇಕಂತೆ

ತುಮಕೂರಿನಲ್ಲಿ ಯಾರಾದರೂ ಹೊಸ ಕಂಪ್ಯೂಟರ್ ತಗೊಳ್ಳುತ್ತೇನೆ ಎಂದು ಬಾಯಿ ಬಿಟ್ಟರೆ ಮುಗಿಯಿತು, ಸಲಹೆ ಕೊಡುವವರ ಸಾಲು ಟೌನ್‌ಹಾಲ್ ಸರ್ಕಲ್‌ನಿಂದ ಕ್ಯಾತ್ಸಂದ್ರ ಮುಟ್ಟುತ್ತದೆ. ನಮ್ಮ ಸೀನ ಮದುವೆ ಫೋಟೋಗ್ರಾಫರ್. ಅವನ ಹಳೇ ಡಬ್ಬದಲ್ಲಿ ಆಲ್ಬಂ ಶೀಟ್ ತೆರೆಯಲು ಒತ್ತಿ, ಹೊರಗೆ ಹೋಗಿ ಟೀ ಕುಡಿದು, ಅದನ್ನು ಲೆಕ್ಕಕ್ಕೆ ಬರೆಸಿ ವಾಪಸ್ ಬರಬಹುದು. ವೈಶಾಖದ ಮುಹೂರ್ತಗಳಿಗೆ ಮೊದಲು ಹೊಸದು ಬೇಕು, ಎಲ್ಲ ಸೇರಿ ಒಂದು ಲಕ್ಷ ದಾಟಬಾರದು ಅಂದ. ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಪಂಚಾಯ್ತಿ ಶುರುವಾಯಿತು.

ಮೊದಲು ಬಾಯಿ ಹಾಕಿದವನು ಮಂಜ. ಅವನಿಗೆ ಕಂಪ್ಯೂಟರ್ ಅಂದರೆ ಗೇಮ್.

"ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕ್ಸು ಗುರು. ಗಾಜಿನ ಕ್ಯಾಬಿನೆಟ್ಟು, ಆರು ಫ್ಯಾನು, ಎಲ್ಲ ಕಡೆ ಲೈಟು."

"ಗಣೇಶನ ಪೆಂಡಾಲ್ ಥರ ಇರುತ್ತೆ ಬಿಡಪ್ಪ. ಅದರ ಮುಂದೆ ಕೂತು ಎಡಿಟ್ ಮಾಡ್ಬೇಕೋ, ಮಂಗಳಾರತಿ ಮಾಡ್ಬೇಕೋ?" ಅಂದರು ಮೇಷ್ಟ್ರು. ಇವರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ, ಬಣ್ಣ ಚೆನ್ನಾಗಿ ಗೊತ್ತು. ಲೆಕ್ಕ ಮಾಡುವ ಚಟ ಬೇರೆ.

ಮಂಜನ ಮಾತು ಪೂರ್ತಿ ತೆಗೆದುಹಾಕುವಂಥದ್ದೂ ಅಲ್ಲ. ಬಣ್ಣ ತಿದ್ದೋದು, ಕ್ರಾಪ್ ಮಾಡೋದು, ಮೊಡವೆ ಅಳಿಸೋದು, ಇದಕ್ಕೆಲ್ಲ ಭಾರಿ ಕಾರ್ಡ್ ಬೇಡ. ಆದರೆ ಫೋಟೋ ತಿದ್ದೋ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ 2023ರಲ್ಲಿ ಎಐ ಡಿನಾಯ್ಸ್, ಅಂದರೆ ಫೋಟೋದ ಕಾಳುಕಾಳು ಚುಕ್ಕೆ ಅಳಿಸೋ ಸೌಲಭ್ಯ, ಬಂತಲ್ಲ, ಅದು ಗ್ರಾಫಿಕ್ಸ್ ಕಾರ್ಡನ್ನೇ ಹಿಂಡುತ್ತದೆ. ನಮ್ಮ ಛತ್ರಗಳ ಮಂಕು ಬೆಳಕಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯೋ ಸೂಕ್ಷ್ಮತೆ) 6400ಕ್ಕೆ ಏರಿಸಿ ತೆಗೆದ ಫೋಟೋಗೆ ಅದು ಬೇಕೇ ಬೇಕು. 8 ಜಿಬಿ ಮೆಮೊರಿಯ ನಡುಮಟ್ಟದ ಕಾರ್ಡ್ ಸಾಕು ಅಂತ ಇತ್ಯರ್ಥವಾಯಿತು. ಲೈಟುಗಳು ಬಿದ್ದುಹೋದವು.

ಶಂಕ್ರ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿಬರುವವನು. ಹಾಗಾಗಿ ಮ್ಯಾಕ್ ಪಕ್ಷ. "2020ರಲ್ಲಿ ಎಂ1 ಚಿಪ್ ಬಂದಮೇಲೆ ಬೇರೇದನ್ನ ನೋಡೋದೇ ಬೇಡ ಕಣೋ. ಬಿಸಿ ಇಲ್ಲ, ಸದ್ದಿಲ್ಲ."

"ಆಮೇಲೆ ರ‍್ಯಾಮ್ ಹಾಕಿಸ್ಬೇಕು ಅಂದ್ರೆ?" ಅಂತ ಸೀನ.

"ಆಗಲ್ಲ. ಚಿಪ್ ಜೊತೆನೇ ಬರುತ್ತೆ, ತಗೊಳ್ಳೋವಾಗಲೇ ಜಾಸ್ತಿ ಹಾಕಿಸ್ಕೋಬೇಕು."

"ನುಡಿ ಓಡುತ್ತಾ?"

ಶಂಕ್ರ ಚಟ್ನಿ ಕಡೆ ನೋಡಿದ. ಆಲ್ಬಂ ರಟ್ಟಿನ ಮೇಲೆ ಹುಡುಗ ಹುಡುಗಿ ಹೆಸರು ಬರೆಯೋಕೆ ಸೀನನಿಗೆ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬೇಕು, ಅದು ವಿಂಡೋಸ್‌ಗೆ ಮಾಡಿದ್ದು. ಮ್ಯಾಕ್ ಪಕ್ಷಕ್ಕೆ ಠೇವಣಿಯೂ ಸಿಗಲಿಲ್ಲ.

ರ‍್ಯಾಮ್ ಎಷ್ಟು ಅನ್ನುವಾಗ ಮೇಷ್ಟ್ರು ಪೆನ್ನು ತೆಗೆದರು. "ಶೀಟ್ ಎಷ್ಟು ದೊಡ್ಡದಪ್ಪ?"

"12 ಇಂಚು, 36 ಇಂಚು ಸಾರ್. ಇಂಚಿಗೆ 300 ಚುಕ್ಕೆ."

"ಒಂದು ಕಡೆ 3,600, ಇನ್ನೊಂದು ಕಡೆ 10,800. ಹತ್ತಿರ ಹತ್ತಿರ 3.9 ಕೋಟಿ ಚುಕ್ಕೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟು. ಅಯ್ಯೋ, ಒಂದು ಲೇಯರ್‌ಗೇ 117 ಎಂಬಿ! ಎಷ್ಟು ಲೇಯರ್ ಹಾಕ್ತೀಯ?"

"ಹಿಂದೆ ಮೋಡ. ಮೋಡದಲ್ಲಿ ಹುಡುಗಿ ಮುಖ. ಆಮೇಲೆ ಚಂದ್ರ, ಚಂದ್ರನ ಮೇಲೆ ಹುಡುಗ ಕೂತಿರ್ತಾನೆ. ಗುಲಾಬಿ, ಹಂಸ, ಚಿನ್ನದ ಫ್ರೇಮು..."

"ಆ ಚಂದ್ರನ್ನ ತೆಗೆದ್ರೆ 16 ಜಿಬಿ ಸಾಕಲ್ವಾ?"

"ಚಂದ್ರನ್ನ ತೆಗೆದ್ರೆ ಗಿರಾಕಿ ಹೋಗ್ತಾರೆ ಸಾರ್."

ಚಂದ್ರ ಉಳಿದ. 32 ಜಿಬಿ ಆಯಿತು. 16ರ ಎರಡು ಕಡ್ಡಿ ಹಾಕಿ, ಇನ್ನೆರಡು ಸ್ಲಾಟ್ ಖಾಲಿ ಇರೋ ಮದರ್‌ಬೋರ್ಡ್ ನೋಡು ಅಂತ ನಾನೂ ಒಂದು ಮಾತು ಸೇರಿಸಿದೆ. ಸುಮ್ನೆ ಇಡ್ಲಿ ತಿಂದೆ ಅನ್ನಿಸ್ಕೋಬಾರದಲ್ಲ.

ಇನ್ನು ಡಿಸ್ಕ್. ಒಂದು ಮದುವೆಗೆ 3,000 ಫೋಟೋ, ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡೋ ಮೂಲ ಫೈಲ್) ಒಂದೊಂದೂ 30 ಎಂಬಿ ಅಂದರೆ 90 ಜಿಬಿ. ಐದು ಮದುವೆಗೆ 512 ಜಿಬಿ ಎಸ್‌ಎಸ್‌ಡಿ ಹತ್ತಿರ ಹತ್ತಿರ ಭರ್ತಿ. ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ, ಎನ್‌ವಿಎಂಇ ಅನ್ನೋ ವೇಗದ ಎಸ್‌ಎಸ್‌ಡಿ 3,000 ದಾಟುತ್ತದೆ. ಹಾಗಾಗಿ ನಡೀತಿರೋ ಕೆಲಸಕ್ಕೆ 1 ಟಿಬಿ ಎನ್‌ವಿಎಂಇ, ಮುಗಿದದ್ದಕ್ಕೆ ಹಾರ್ಡ್ ಡಿಸ್ಕ್. ಜೊತೆಗೊಂದು ಯುಪಿಎಸ್, ಕರೆಂಟಿಗೆ ನಮ್ಮೂರಲ್ಲಿ ಮುಹೂರ್ತ ನೋಡೋ ಅಭ್ಯಾಸವಿಲ್ಲ.

"ಮೂರು ಕಾಪಿ ಇರಬೇಕು, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಆಚೆ" ಅಂತ ಶಂಕ್ರ ಆಫೀಸಿನ ನಿಯಮ ಹೇಳಿದ. ಆಚೆ ಎಲ್ಲಿ? ಗುಬ್ಬಿಯಲ್ಲಿ ಸೀನನ ಅತ್ತೆ ಮನೆ. ವಾರಕ್ಕೊಮ್ಮೆ ಡಿಸ್ಕ್ ಕೊಡೋಕೆ ಹೋದರೆ ಊಟವೂ ಆಗುತ್ತದೆ. ಅತ್ತೆ ಅದನ್ನು ಬೀರುವಿನಲ್ಲಿ ಒಡವೆ ಪಕ್ಕ ಇಡುತ್ತಾರಂತೆ. ಅಷ್ಟು ಭದ್ರತೆ ಯಾವ ಕ್ಲೌಡ್ ಕೊಡುತ್ತೆ ಹೇಳಿ.

ಇಷ್ಟಾಗುವಷ್ಟರಲ್ಲಿ ಲಕ್ಷದಲ್ಲಿ ಬಹುಪಾಲು ಖಾಲಿ. "ಮಾನಿಟರ್‌ಗೆ ಏನೋ ಒಂದು ಹಾಕು, ಇಲ್ದಿದ್ರೆ ಮನೇಲಿರೋ 43 ಇಂಚಿನ ಟಿವಿನೇ ಜೋಡಿಸು" ಅಂದ ಮಂಜ.

ಮೇಷ್ಟ್ರು ಲೋಟ ಕುಕ್ಕಿದರು. "ಟಿವೀಲಿ ಎಲ್ಲ ಬಣ್ಣಾನೂ ಮಿಠಾಯಿ ಅಂಗಡಿ ಬಣ್ಣ ಆಗುತ್ತೆ. ಹೋದ ವರ್ಷ ಆ ಹುಡುಗಿ ತಾಯಿ ಬಂದು, ಇದು ನಮ್ಮ ಸೀರೆ ಬಣ್ಣಾನೇ ಅಲ್ಲ ಅಂತ ಜಗಳ ಆಡ್ಲಿಲ್ವಾ?"

ನನ್ನ ಕೇಳಿದರೆ ಅವತ್ತಿನ ಹರಟೆಯಲ್ಲಿ ತೂಕದ ಮಾತು ಇದೊಂದೇ. ಡಬ್ಬ ನಿಧಾನವಾದರೆ ಕೆಡೋದು ಸೀನನ ನಿದ್ದೆ, ಪರದೆ ಸುಳ್ಳು ಹೇಳಿದರೆ ಕೆಡೋದು ಗಿರಾಕಿಯ ಸೀರೆ. ಲೆಕ್ಕ ತಿರುಗಿಸಿದೆವು. ಪ್ರೊಸೆಸರ್ ಒಂದು ಮೆಟ್ಟಿಲು ಇಳಿಯಿತು, ಮಾನಿಟರ್ ಏರಿತು. 27 ಇಂಚಿನ ಐಪಿಎಸ್ ಪರದೆ, ಬಗ್ಗಿ ನೋಡಿದರೂ ಎದ್ದು ನೋಡಿದರೂ ಬಣ್ಣ ಬದಲಾಗಬಾರದು. ಎಸ್‌ಆರ್‌ಜಿಬಿ ಅನ್ನೋ ಮಾಮೂಲಿ ಬಣ್ಣದ ವ್ಯಾಪ್ತಿ ಪೂರ್ತಿ ತೋರಿಸಬೇಕು. ಸೀನನ ಲ್ಯಾಬ್‌ನವರು ಕೇಳುವುದೂ ಎಸ್‌ಆರ್‌ಜಿಬಿ ಫೈಲನ್ನೇ, ಇನ್ನೂ ಹೆಚ್ಚು ಬಣ್ಣ ತೋರಿಸೋ ಅಡೋಬ್ ಆರ್‌ಜಿಬಿ ಪರದೆಗೆ ಜಾಸ್ತಿ ದುಡ್ಡು ಸುರಿಯೋದು ಬೇಡ. ಬಣ್ಣ ಅಳೆಯುವ ಕ್ಯಾಲಿಬ್ರೇಟರ್‌ನ ಅಶೋಕ ರೋಡಿನ ಇನ್ನಿಬ್ಬರು ಫೋಟೋಗ್ರಾಫರ್ ಜೊತೆ ಸೇರಿ ತಗೊಳ್ಳೋದು. ಪರದೆಯ ಬಿಳಿ 6,500 ಕೆಲ್ವಿನ್‌ಗೆ (ಬೆಳಕಿನ ಬಣ್ಣ ಅಳೆಯೋ ಮಾನ), ಬೆಳಕು 120 ನಿಟ್ಸ್ (ಹೊಳಪು ಅಳೆಯೋ ಮಾನ) ಸುತ್ತ. ಸೀನ ಇಷ್ಟು ದಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡುತ್ತಿದ್ದ. ಪರದೆಯಲ್ಲಿ ಬೆಳದಿಂಗಳು, ಪ್ರಿಂಟಲ್ಲಿ ಅಮಾವಾಸ್ಯೆ.

"ಎಲ್ಲ ಸರಿ, ನಿನ್ನ ಸ್ಟುಡಿಯೋ ಗೋಡೆ ಯಾವ ಬಣ್ಣ?" ಅಂದರು ಮೇಷ್ಟ್ರು.

"ಗಿಳಿಹಸಿರು. ಅಮ್ಮ ಹೊಡೆಸಿದ್ದು."

"ಕೆಡ್ತು! ಹಸಿರು ನೋಡಿ ನೋಡಿ ಕಣ್ಣು ಅದಕ್ಕೇ ಹೊಂದ್ಕೊಂಡಿರುತ್ತೆ. ಸರಿಯಿರೋ ಮುಖಾನೂ ಕೆಂಪಗೆ ಕಾಣುತ್ತೆ. ನೀನು ತಿದ್ದೋಕೆ ಹೋಗಿ ಹುಡುಗಿಗೆ ಹಸಿರು ಹಚ್ತೀಯ. ಗೋಡೆ ಬೂದು ಬಣ್ಣ ಇರಬೇಕು."

ಸೀನ ಅಲ್ಲೇ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಬೂದು ಬಣ್ಣಾನಾ? ನೋಡಿದವರು ಸಿಮೆಂಟ್ ಮೇಲೆ ಸುಣ್ಣ ಹೊಡೆಸೋಕೂ ಗತಿ ಇಲ್ಲ ಅಂತಾರೆ" ಅಂತ ಅಮ್ಮ ಅಂದರು. ಸುಮಾರು ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ಕಂಪ್ಯೂಟರ್ ಹಿಂದಿನ ಒಂದೇ ಗೋಡೆಗೆ ಒಪ್ಪಿದರು. ಷರತ್ತು ಏನಪ್ಪಾ ಅಂದರೆ, ಆ ಗೋಡೆ ಮಧ್ಯ ದೇವರ ಫೋಟೋ, ಅದರ ಸುತ್ತ ಸೀರಿಯಲ್ ಲೈಟು.

ಮೇಷ್ಟ್ರು ಫೋನಿನ ಕಡೆ ಬಗ್ಗಿದರು. "ತಾಯೀ, ಆ ಲೈಟು 6,500 ಕೆಲ್ವಿನ್‌ದೇ ಇರ್ಲಿ!"

"ಅದ್ಯಾರೋ ಕೆಲ್ವಿನ್ನು?" ಅಂತು ಫೋನು.